ಪರದೆಯಲ್ಲಿ ಅಕ್ಕ

ಅಕ್ಕ ತಂಗಿ ಇಬ್ಬರೂ ಒಂದೇ ಪಾಠ ಹೇಳುವವರು. ಭೌತಶಾಸ್ತ್ರ. ಅಕ್ಕ ದೊಡ್ಡ ಊರಿನ ವಿಶ್ವವಿದ್ಯಾಲಯದಲ್ಲಿ. ತಂಗಿ ಅದೇ ವಿಶ್ವವಿದ್ಯಾಲಯಕ್ಕೆ ಸೇರಿದ ಒಂದು ಸಣ್ಣ ಕಾಲೇಜಿನಲ್ಲಿ, ಬಸ್ಸು ಹಿಡಿದರೆ ಅರ್ಧ ದಿನದ ದಾರಿ. ತಂಗಿಗೆ ಮನೆಯಲ್ಲಿ ಗುಬ್ಬಿ ಅಂತ ಹೆಸರು. ಹುಟ್ಟಿದಾಗ ಅಂಗೈ ಅಗಲ ಇದ್ದಳಂತೆ. ಈಗ ನಲವತ್ತು ದಾಟಿ, ಮೂಗಿನ ಮೇಲೆ ಕನ್ನಡಕ ಏರಿಸಿ, ಮೇಜು ಗುದ್ದಿದರೆ ಇಡೀ ತರಗತಿ ಗಪ್‌ಚಿಪ್ಪಾಗುವಷ್ಟು ಗಟ್ಟಿಗಿತ್ತಿಯಾಗಿದ್ದರೂ ಹೆಸರು ಮಾತ್ರ ಗುಬ್ಬಿಯೇ.

ಗುಬ್ಬಿಗೆ ಈ ವಿದ್ಯೆಯ ಹುಚ್ಚು ಹಿಡಿಸಿದವಳೇ ಅಕ್ಕ. ಅಪ್ಪ ಬೇಗ ತೀರಿಕೊಂಡಿದ್ದರು. ಅಮ್ಮ ಆಸ್ಪತ್ರೆಯೊಂದರ ಹಾಸಿಗೆ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿಯುತ್ತಿದ್ದಳು. ಸಂಜೆ ಅವಳು ಬರುವ ತನಕ ಅಕ್ಕ ಅಡುಗೆಮನೆಯ ನೆಲದ ಮೇಲೆ ಕೂತು, ನೀರಿನ ಲೋಟದೊಳಗಿನ ಚಮಚ ಯಾಕೆ ಮುರಿದ ಹಾಗೆ ಕಾಣುತ್ತದೆ, ಪಾತ್ರೆಯ ಮುಚ್ಚಳ ಯಾಕೆ ಕುಣಿಯುತ್ತದೆ ಎಂದೆಲ್ಲ ಹೇಳಿಕೊಡುತ್ತಿದ್ದಳು. ಗುಬ್ಬಿ ಕೇಳಿದ್ದನ್ನೇ ಕೇಳಿ ಅವಳ ತಲೆ ತಿನ್ನುತ್ತಿದ್ದಳು. ಹಾಗೆ ತಲೆ ತಿಂದುಕೊಂಡೇ ಓದಿ, ಅಕ್ಕ ಬರೆದ ಪರೀಕ್ಷೆಗಳನ್ನೇ ಬರೆದು, ಅಕ್ಕ ಹಿಡಿದ ಕೆಲಸವನ್ನೇ ಹಿಡಿದಳು. ಇಬ್ಬರೂ ಮದುವೆಯ ತಂಟೆಗೆ ಹೋಗಲಿಲ್ಲ. ಅಮ್ಮ ಗುಬ್ಬಿಯ ಜೊತೆ ಇದ್ದಳು. ವಾರಕ್ಕೆ ಎರಡು ಮೂರು ಸಲ ಫೋನು. ಫೋನಿನಲ್ಲಿ ಅರ್ಧ ಮನೆ ಸುದ್ದಿ, ಇನ್ನರ್ಧ ಹುಡುಗರಿಗೆ ಇದನ್ನು ಹೇಗೆ ಹೇಳಿಕೊಡುವುದು, ಅದನ್ನು ಹೇಗೆ ಹೇಳಿಕೊಡುವುದು.

ಹೀಗಿರುವಾಗ ವಿಶ್ವವಿದ್ಯಾಲಯದ ದೊಡ್ಡ ಉಪನ್ಯಾಸ ಕೊಠಡಿಯನ್ನು ಒಂದು ಬೇಸಿಗೆ ರಜೆಯಲ್ಲಿ ಒಡೆದು ಹೊಸದು ಮಾಡಿದರು. ರಜೆ ಮುಗಿಸಿ ಬಂದ ಅಕ್ಕ ಬಾಗಿಲು ತೆಗೆದವಳು ಅಲ್ಲೇ ನಿಂತಳು. ಕರಿಹಲಗೆ ಇದ್ದ ಜಾಗದಲ್ಲಿ ಗೋಡೆ ತುಂಬ ಬಿಳಿ ಪರದೆ, ಅದರ ಮೇಲೆ ಬರೆಯಲು ಒಂದು ಎಲೆಕ್ಟ್ರಾನಿಕ್ ಪೆನ್ನು. ಸೂರಿನಿಂದ ಮೂರು ಕ್ಯಾಮೆರಾಗಳು ಬಾವಲಿಗಳ ಹಾಗೆ ಜೋತುಬಿದ್ದಿದ್ದವು. ಹಿಂದಿನ ಗೋಡೆಯ ಮೇಲೆ ಅಗಲವಾದ ಟೀವಿ. ಬೆಂಚುಗಳ ಕೆಳಗೆಲ್ಲ ವೈರು. ಸೀಮೆಸುಣ್ಣದ ವಾಸನೆ ಹೋಗಿ ಹೊಸ ಪ್ಲಾಸ್ಟಿಕ್ಕಿನ ವಾಸನೆ ಬಂದಿತ್ತು.

ಇದನ್ನೆಲ್ಲ ನೋಡಿಕೊಳ್ಳಲು ಒಬ್ಬ ಅಧಿಕಾರಿ ಬಂದಿದ್ದರು. ಕಿವಿಗೆ ಸದಾ ಇಯರ್‌ಫೋನ್, ಕೈಯಲ್ಲಿ ಸದಾ ಯಾವುದೋ ವೈರಿನ ತುಂಡು. ಅಧ್ಯಾಪಕರೆಲ್ಲ ಬೆನ್ನ ಹಿಂದೆ ಅವರಿಗೆ ಕೇಬಲ್ ಸಾಹೇಬರು ಅಂತ ಹೆಸರಿಟ್ಟಿದ್ದರು. ಮನುಷ್ಯ ಕೆಟ್ಟವರಲ್ಲ. ಮಾತಾಡಿಸಿದರೆ ಮುಖ ಊರಗಲ ಮಾಡಿಕೊಂಡು ವಿವರಿಸುವವರು.

"ನೋಡಿ ಮೇಡಂ, ನೀವು ಇಲ್ಲಿ ನಿಂತು ಪಾಠ ಮಾಡ್ತೀರಾ. ನೀವು ಎತ್ತ ಹೋದ್ರೂ ಕ್ಯಾಮೆರಾ ನಿಮ್ಮ ಹಿಂದೇನೇ ಬರುತ್ತೆ. ನಮ್ಮ ಆರು ಕಾಲೇಜುಗಳಲ್ಲೂ ಇಂಥದ್ದೇ ಪರದೆ ಹಾಕಿದೀವಿ. ಅಲ್ಲಿಯ ಹುಡುಗರು ನಿಮ್ಮನ್ನ ನೋಡ್ತಾರೆ, ನೀವು ಹಿಂದಿನ ಟೀವಿಯಲ್ಲಿ ಅವರನ್ನ ನೋಡ್ತೀರಾ. ದೂರ ಅನ್ನೋದೇ ಇಲ್ಲ."

"ಅಲ್ಲಿ ಅಧ್ಯಾಪಕರು ಇದಾರಲ್ಲ?"

"ಇದಾರೆ, ಇದಾರೆ. ಇದು ಅವರಿಗೆ ಸಹಾಯಕ್ಕೆ ಅಷ್ಟೇ."

ಭೌತಶಾಸ್ತ್ರಕ್ಕೆ ಯಾರು ಅಂತ ಬಂದಾಗ ವಿಭಾಗದ ಮುಖ್ಯಸ್ಥರು ಅಕ್ಕನ ಹೆಸರು ಹೇಳಿದ್ದರು. ಅವಳ ಪಾಠ ಅಚ್ಚುಕಟ್ಟು. ಗಂಟೆ ಹೊಡೆಯುವುದಕ್ಕೂ ಅವಳು ಮುಗಿಸುವುದಕ್ಕೂ ಸರಿಹೋಗುತ್ತಿತ್ತು. ಅಕ್ಕನಿಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ. ಅಂದು ಸಂಜೆಯೇ ತಂಗಿಗೆ ಫೋನು ಮಾಡಿದಳು.

"ನಿಮ್ಮ ಕಾಲೇಜಿಗೂ ಪರದೆ ಬಂದಿದೆಯೇನೇ?"

"ಬಂದಿದೆ ಬಂದಿದೆ. ನಮ್ಮ ಕೊಠಡಿ ಚಾವಣಿ ಸೋರುತ್ತೆ, ಅದನ್ನ ರಿಪೇರಿ ಮಾಡಿಸಿ ಅಂತ ಎಷ್ಟು ವರ್ಷದಿಂದ ಬಡ್ಕೊಂಡೆ. ಈಗ ಪರದೆ ನೆನೆಯುತ್ತೆ ಅಂತ ಒಂದೇ ವಾರದಲ್ಲಿ ಮಾಡಿಸಿಬಿಟ್ರು. ಯಾರಂತೆ ಅದರಲ್ಲಿ ಬರೋದು?"

"ನಾನೇ ಕಣೇ."

ಆ ಕಡೆ ಒಂದು ಕಿರುಚಾಟ. ಆಮೇಲೆ, "ಅಮ್ಮಾ, ಅಕ್ಕ ಟೀವಿಯಲ್ಲಿ ಬರ್ತಾಳಂತೆ!" ಎಂದು ಕೂಗಿದ್ದು ಕೇಳಿತು. ಅಮ್ಮ ಫೋನು ಕಸಿದುಕೊಂಡು, "ತಲೆ ಸರಿಯಾಗಿ ಬಾಚ್ಕೊ" ಎಂದಳು.

ಮೊದಲ ಪಾಠದ ದಿನ ಅಕ್ಕ ಕಾಲರಿಗೆ ಮೈಕು ಸಿಕ್ಕಿಸಿಕೊಂಡು ಪರದೆಯ ಮುಂದೆ ನಿಂತಳು. ಎದುರಿಗೆ ತನ್ನ ವಿದ್ಯಾರ್ಥಿಗಳು. ಅವರ ತಲೆಗಳ ಮೇಲೆ ಹಿಂದಿನ ಗೋಡೆಯ ಟೀವಿಯಲ್ಲಿ ಆರು ಚೌಕ, ಆರು ಕೋಣೆ. ಕೆಳಗಿನ ಸಾಲಿನ ಕೊನೆಯ ಚೌಕದಲ್ಲಿ ಬಾಗಿಲ ಪಕ್ಕ ನಿಂತಿದ್ದ ಒಂದು ಪುಟ್ಟ ಆಕೃತಿ ಎರಡೂ ಕೈಯೆತ್ತಿ ಜೋರಾಗಿ ಬೀಸಿತು. ಬೆರಳಿನಷ್ಟು ಗುಬ್ಬಿ. ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಪಾಠ ಶುರುವಾಗಿದ್ದೇ ನಗುವಿನಿಂದ.

ಆ ವರ್ಷ ಚೆನ್ನಾಗಿಯೇ ನಡೆಯಿತು. ಅಕ್ಕ ಬೆಳಗಿನ ಅವಧಿಯಲ್ಲಿ ಹೇಳಿದ್ದನ್ನು ಗುಬ್ಬಿ ಮುಂದಿನ ಅವಧಿಯಲ್ಲಿ ತನ್ನ ಹುಡುಗರಿಗೆ ಬಿಡಿಸಿ ಹೇಳುತ್ತಿದ್ದಳು. ಸಂಜೆ ಫೋನಿನಲ್ಲಿ ಅಕ್ಕನನ್ನೇ ತರಾಟೆಗೆ ತೆಗೆದುಕೊಳ್ಳುವಳು. "ಎಷ್ಟು ಬೇಗ ಓಡ್ತೀಯೇ ಮಾರಾಯ್ತಿ! ಸಮೀಕರಣ ಬರೆದು ಒಂದು ಉಸಿರು ಬಿಡು. ನಮ್ಮ ಹುಡುಗರು ಪೆನ್ನಿನ ಮುಚ್ಚಳ ತೆಗೆಯೋದ್ರೊಳಗೆ ನೀನು ಅಳಿಸಿರ್ತೀಯ." ಅಕ್ಕ ಮರುದಿನ ಒಂದು ಉಸಿರು ಹೆಚ್ಚು ಬಿಡುವಳು. ಕೆಳಗಿನ ಚೌಕದಲ್ಲಿ ಗುಬ್ಬಿ ಹೆಬ್ಬೆರಳು ಎತ್ತಿ ತೋರಿಸುವಳು.

ಆ ಕಡೆಯ ಮಾತು ಕೇಳಿಸುವುದು ಮಾತ್ರ ಬೇಗ ನಿಂತುಹೋಯಿತು. ಆರು ಕೋಣೆಗಳ ಗದ್ದಲ ಒಟ್ಟಿಗೆ ಬಂದು ಕಿವಿ ಕಿತ್ತುಹೋಗುವಂತೆ ಕಿರಗುಟ್ಟುತ್ತಿತ್ತು ಅಂತ ಕೇಬಲ್ ಸಾಹೇಬರು ಆ ಕಡೆಯ ಮೈಕುಗಳನ್ನೆಲ್ಲ ಬಂದ್ ಮಾಡಿಸಿದರು. ಪ್ರಶ್ನೆ ಇದ್ದವರು ಕಂಪ್ಯೂಟರಿನಲ್ಲಿ ಬರೆದು ಕಳಿಸಬೇಕು. ಉತ್ತರ ಪಾಠ ಮುಗಿದ ಮೇಲೆ. ಬರೆದು ಕಳಿಸಿದವರು ಎಲ್ಲೋ ಒಬ್ಬಿಬ್ಬರು. ಚೌಕಗಳಲ್ಲಿ ಹುಡುಗರ ಬಾಯಿ ಆಡುವುದು ಕಾಣುತ್ತಿತ್ತು, ಏನು ಅಂತ ತಿಳಿಯುತ್ತಿರಲಿಲ್ಲ.

ಎರಡನೆಯ ವರ್ಷದ ವೇಳಾಪಟ್ಟಿಯಲ್ಲಿ ಗುಬ್ಬಿಯ ಅವಧಿಯೇ ಇರಲಿಲ್ಲ.

"ಒಂದೇ ಪಾಠ ಎರಡು ಸಲ ಯಾಕೆ ಅಂದ್ರು ಪ್ರಾಂಶುಪಾಲರು," ಎಂದಳು ಗುಬ್ಬಿ ಫೋನಿನಲ್ಲಿ. "ನೀನು ಹೇಳಿಯಾದ ಮೇಲೆ ಮುಗೀತಂತೆ. ಈಗ ನಾನು ಪರದೆ ಹಚ್ಚಬೇಕು, ಹಾಜರಿ ತಗೋಬೇಕು, ಪರದೆ ಆರಿಸಬೇಕು."

"ಇದೆಂಥ ಹುಚ್ಚು? ಸಹಾಯಕ್ಕೆ ಅಂದಿದ್ರು."

"ಹೂಂ. ಮಾಡ್ತಿದೀನಲ್ಲ, ಸಹಾಯ."

ಅಕ್ಕ ನಕ್ಕಳು, ತಂಗಿ ನಗುತ್ತಿದ್ದಾಳೆ ಅಂದುಕೊಂಡು. ಫೋನಿಟ್ಟ ಮೇಲೆ ಅದು ನಗುವೇ ಆಗಿತ್ತೋ ಅಲ್ಲವೋ ಅನ್ನಿಸಿತು. ಮಾರನೆಯ ದಿನ ಮುಖ್ಯಸ್ಥರ ಹತ್ತಿರ ಪ್ರಸ್ತಾಪಿಸಿದಳು. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, "ಕಾಲೇಜುಗಳ ವೇಳಾಪಟ್ಟಿ ನಮ್ಮ ಕೈಲಿಲ್ಲಮ್ಮ" ಎಂದರು. ಅಷ್ಟಕ್ಕೇ ಅಕ್ಕನೂ ಬಿಟ್ಟಳು. ಮೇಲಿನವರಿಗೆ ತಾನಾಗಿ ಗೊತ್ತಾಗುತ್ತದೆ, ಹುಡುಗರ ಅಂಕ ಬಿದ್ದಾಗ ಸರಿಮಾಡುತ್ತಾರೆ ಎಂದುಕೊಂಡಳು.

ಅಂದಿನಿಂದ ಕೆಳಗಿನ ಚೌಕದ ಆಕೃತಿ ಕೈ ಬೀಸುವುದನ್ನು ನಿಲ್ಲಿಸಿತು. ಬಾಗಿಲ ಪಕ್ಕ ಒಂದು ಕುರ್ಚಿ ಬಂದಿತ್ತು. ಗುಬ್ಬಿ ಅದರಲ್ಲಿ ಕೂತು, ಕೈಕಟ್ಟಿಕೊಂಡು, ಅಕ್ಕನನ್ನೇ ನೋಡುವಳು. ತಂಗಿಯ ನೆತ್ತಿಯ ಮೇಲೆ ಬಿಳಿಕೂದಲು ಕಾಣಿಸುವಷ್ಟು ಚಿತ್ರ ಸ್ಪಷ್ಟವಾಗಿತ್ತು. ಪಾಠದ ನಡುವೆ ಅಕ್ಕನ ಕಣ್ಣು ಎಷ್ಟು ಬೇಡವೆಂದರೂ ಅತ್ತಲೇ ಹೋಗುತ್ತಿತ್ತು.

ಕೋನೀಯ ಸಂವೇಗದ ಪಾಠದ ದಿನ ಆಗಬಾರದ್ದು ಆಯಿತು. ತಿರುಗುವ ವಸ್ತು ತನ್ನ ತಿರುಗಾಟವನ್ನು ಸುಮ್ಮಸುಮ್ಮನೆ ಬಿಟ್ಟುಕೊಡುವುದಿಲ್ಲ ಎನ್ನುವ ಪಾಠ ಅದು. ಅಕ್ಕ ಪರದೆಯ ಮೇಲೆ ಬಾಣದ ಗುರುತುಗಳನ್ನು ತೋರಿಸುತ್ತ ಮಾತಾಡುತ್ತಿದ್ದಳು. ಕೆಳಗಿನ ಚೌಕದಲ್ಲಿ ಏನೋ ಗಲಿಬಿಲಿ. ನೋಡಿದರೆ ಗುಬ್ಬಿ ಕುರ್ಚಿಯಲ್ಲಿಲ್ಲ. ಕೋಣೆಯ ಹಿಂಭಾಗದಲ್ಲಿ ತಿರುಗುವ ಸ್ಟೂಲೊಂದನ್ನು ಇಟ್ಟು, ಅದರ ಮೇಲೆ ಒಬ್ಬ ದಪ್ಪನೆಯ ಹುಡುಗನನ್ನು ಕೂರಿಸಿ, ಅವನ ಕೈಗೆ ಸೈಕಲ್ಲಿನ ಚಕ್ರ ಕೊಟ್ಟು, ಚಕ್ರವನ್ನು ರಭಸದಿಂದ ತಿರುಗಿಸಿ ಬಿಟ್ಟಿದ್ದಳು. ಹುಡುಗ ತಿರುಗುವ ಚಕ್ರವನ್ನು ಮಗುಚಿದ. ಯಾರೂ ಮುಟ್ಟದೆ ಸ್ಟೂಲು ತಾನಾಗಿ ತಿರುಗತೊಡಗಿತು. ಹುಡುಗನ ಬಾಯಿ ಅಗಲವಾಗಿ ತೆರೆಯಿತು. ಇಡೀ ತರಗತಿ ಪರದೆಗೆ ಬೆನ್ನು ಹಾಕಿ, ಬೆಂಚು ಹತ್ತಿ ನಿಂತು ನಗುತ್ತಿತ್ತು. ಮುಂದಿನ ಸರದಿ ನಂದು ನಂದು ಅಂತ ಕೈಗಳು ಎದ್ದವು. ಸದ್ದಿಲ್ಲ. ಸದ್ದಿಲ್ಲದೆ ನಲವತ್ತೋ ಐವತ್ತೋ ಮಂದಿ ನಗುತ್ತಿದ್ದರು, ನಡುವೆ ಗುಬ್ಬಿ ಸೊಂಟದ ಮೇಲೆ ಕೈಯಿಟ್ಟು ಏನೋ ಕೇಳುತ್ತಿದ್ದಳು.

ಅಕ್ಕ ಮಾತು ಮರೆತು ನಿಂತಳು. ಅವಳು ಹೀಗೆ ಹಿಂದಿನ ಗೋಡೆ ನೋಡುತ್ತಿರುವುದನ್ನು ಕಂಡು ಎದುರಿನ ಹುಡುಗರೂ ತಿರುಗಿ ನೋಡಿದರು. ಅವರಲ್ಲೂ ನಗು ಎದ್ದಿತು. "ಮೇಡಂ, ನಮಗೂ ಮಾಡಿಸಿ!" ಎಂದು ಯಾರೋ ಕೂಗಿದರು. ಅಕ್ಕನ ಹೊಟ್ಟೆ ತಣ್ಣಗಾದ ಹಾಗಿತ್ತು. ಬಹಳ ದಿನದ ಮೇಲೆ ತಂಗಿ ತಂಗಿಯ ಹಾಗೆ ಕಂಡಿದ್ದಳು.

ಅವಳ ಆ ಮೌನವೇ ಗುಬ್ಬಿಯನ್ನು ಹಿಡಿದುಕೊಟ್ಟಿತು. ಪಾಠಗಳನ್ನೆಲ್ಲ ರೆಕಾರ್ಡ್ ಮಾಡಿಡುತ್ತಿದ್ದರು. ನಡುವೆ ಅಷ್ಟು ಹೊತ್ತು ಖಾಲಿ ಬಿದ್ದಿದ್ದು ಯಾಕೆ ಅಂತ ಕೇಬಲ್ ಸಾಹೇಬರ ಕಚೇರಿಯವರು ಆ ಹೊತ್ತಿನ ಬೇರೆ ಕ್ಯಾಮೆರಾಗಳನ್ನು ತಿರುವಿ ನೋಡಿದರು. ಯಂತ್ರ ಕೆಟ್ಟಿತ್ತೋ ಏನೋ ಅಂತ ಹುಡುಕಿದ್ದೇ ಹೊರತು ಅವರಿಗೆ ಗುಬ್ಬಿಯ ಮೇಲೆ ಹಗೆ ಏನಿರಲಿಲ್ಲ. ಸಿಕ್ಕ ಚಿತ್ರ ಕಾಲೇಜಿಗೆ ಹೋಯಿತು, ಕಾಲೇಜಿನಿಂದ ಆಡಳಿತ ಮಂಡಳಿಗೆ ಹೋಯಿತು.

ಪ್ರಾಂಶುಪಾಲರು ಗುಬ್ಬಿಯನ್ನು ಕರೆಸಿ ಬೈಯಲಿಲ್ಲ. ಚಹಾ ತರಿಸಿಕೊಟ್ಟು ಹೀಗೆ ಹೇಳಿದರಂತೆ: ಪಾಠ ನಡೆಯುವಾಗ ಪಾಠ ಕೆಡಿಸಿದ್ದು ಒತ್ತಟ್ಟಿಗಿರಲಿ. ಮಂಡಳಿಯವರು ಈ ನೆಪದಲ್ಲಿ ಒಂದು ಪ್ರಶ್ನೆ ಎತ್ತಿದ್ದಾರೆ, ಸ್ವಿಚ್ಚು ಒತ್ತುವುದಕ್ಕೆ ಭೌತಶಾಸ್ತ್ರ ಓದಿದವರು ಬೇಕೇ ಅಂತ. ಅದಕ್ಕೆ ತಮ್ಮ ಹತ್ತಿರ ಉತ್ತರವಿಲ್ಲ. ವರ್ಷ ಮುಗಿಯುವ ತನಕ ಇರಬಹುದು, ಆಮೇಲೆ ಆ ಹುದ್ದೆ ಇರುವುದಿಲ್ಲ.

"ನನ್ನಿಂದ ಆಯ್ತು," ಎಂದಳು ಅಕ್ಕ ಫೋನಿನಲ್ಲಿ. "ನಾನು ಬಾಯಿ ಮುಚ್ಕೊಂಡು ನಿಂತೆ ನೋಡು, ಅದರಿಂದ."

"ನಿನ್ನ ತಪ್ಪೇನಿಲ್ಲಕ್ಕ."

"ನೀನು ಬೈಯೇ ನನ್ನ. ಎರಡು ಮಾತು ಬೈದುಬಿಡು."

"ಏನಂತ ಬೈಲಿ? ಚೆನ್ನಾಗಿ ಪಾಠ ಮಾಡ್ತೀಯ ಅಂತ ಬೈಲಾ?"

ಅಮ್ಮ ಫೋನು ತೆಗೆದುಕೊಂಡಳು. ವಯಸ್ಸಾಗಿ ಅವಳ ಕಿವಿ ಮಂದವಾಗಿತ್ತು, ತಲೆ ಮಾತ್ರ ಚುರುಕು. "ನಂಗೊಂದು ಹೊಳೀತು," ಎಂದಳು ಗುಟ್ಟು ಹೇಳುವವಳ ಹಾಗೆ, ಆದರೆ ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ. "ನೀನು ಸ್ವಲ್ಪ ಕೆಟ್ಟದಾಗಿ ಪಾಠ ಮಾಡು. ಯಾರಿಗೂ ತಿಳೀದೆ ಇರೋ ಹಾಗೆ. ಆಗ ಇವಳು ಬೇಕಾಗ್ತಾಳೆ."

"ಅಮ್ಮಾ, ಸುಮ್ನಿರು," ಎಂದು ಗುಬ್ಬಿ ಹಿಂದಿನಿಂದ ರೇಗಿದ್ದು ಕೇಳಿತು.

ಅಕ್ಕ ಮೊದಲು ನೇರ ದಾರಿಯನ್ನೇ ಹಿಡಿದಳು. ಮುಖ್ಯಸ್ಥರ ಕೋಣೆಗೆ ಹೋಗಿ, "ನಾನಿನ್ನು ಪರದೆ ಪಾಠ ಮಾಡಲ್ಲ ಸಾರ್. ಆಯಾ ಕಾಲೇಜಿನವರೇ ಮಾಡ್ಲಿ" ಎಂದಳು.

ಮುಖ್ಯಸ್ಥರು ಕೈಯಲ್ಲಿದ್ದ ಕಡತ ಮುಚ್ಚಿದರು. ಅವರೂ ಒಂದು ಕಾಲಕ್ಕೆ ಒಳ್ಳೆಯ ಮೇಷ್ಟ್ರು. ಅಕ್ಕನಿಗೇ ಪಾಠ ಹೇಳಿದವರು.

"ಬೇಡ ಅಂದ್ರೆ ಬಿಡಮ್ಮ. ನಿನ್ನ ಬಲವಂತ ಮಾಡೋಕಾಗತ್ತಾ? ಸುಸ್ತಾಗಿದ್ರೆ ವಿಶ್ರಾಂತಿ ತಗೋ." ಅಕ್ಕನ ಮುಖ ಅರಳುವುದರೊಳಗೆ ಮಾತು ಮುಂದುವರಿಸಿದರು. "ಹೋದ ವರ್ಷದ್ದು ಪೂರ್ತಿ ರೆಕಾರ್ಡಾಗಿದೆ. ಮೊದಲ ಪಾಠದಿಂದ ಕೊನೇ ಪಾಠದವರೆಗೆ. ಅದನ್ನೇ ಹಾಕ್ತಾರೆ."

"ಅದು ನನ್ನ ಪಾಠ ಸಾರ್."

"ನಿನ್ನದೇ. ಯಾರು ಅಲ್ಲ ಅಂದ್ರು? ಆದ್ರೆ ಮಾಡಿದ್ದು ಇಲ್ಲಿ, ಇವರ ಕ್ಯಾಮೆರಾ ಮುಂದೆ. ಅದು ವಿಶ್ವವಿದ್ಯಾಲಯದ್ದು ಅಂತ ಮೊದಲೇ ಹೇಳಿದ್ರಲ್ಲ. ಆಗ ನೀನೂ ಹೂಂ ಅಂದೆ, ನಾನೂ ಹೂಂ ಅಂದೆ."

ಅಲ್ಲಿಂದ ಎದ್ದವಳು ಸೀದಾ ಕೇಬಲ್ ಸಾಹೇಬರ ಕಚೇರಿಗೆ ಇಳಿದಳು. ನೆಲಮಾಳಿಗೆಯಲ್ಲಿತ್ತು ಅದು. ಗಾಜಿನ ಬೀರುಗಳೊಳಗೆ ಹಸಿರು ದೀಪಗಳು ಮಿಟುಕುತ್ತ, ಫ್ಯಾನುಗಳು ಗುಂಯ್ ಎನ್ನುತ್ತ, ಸ್ವೆಟರ್ ತೊಟ್ಟು ಕೂರುವಷ್ಟು ಚಳಿ.

"ನನ್ನ ಪಾಠಗಳನ್ನ ಅಳಿಸಿಬಿಡಿ," ಎಂದಳು.

ಸಾಹೇಬರು ಇಯರ್‌ಫೋನ್ ತೆಗೆದರು. ಅವಳು ಹಾಸ್ಯ ಮಾಡುತ್ತಿದ್ದಾಳೆ ಅಂತ ನಗಲು ಹೊರಟವರು ಮುಖ ನೋಡಿ ನಿಲ್ಲಿಸಿದರು.

"ಮೇಡಂ, ನಾನಿಲ್ಲಿ ಅಳಿಸಿದ್ರೆ ಏನಾಗತ್ತೆ? ಆರು ಕಾಲೇಜಿನ ಕಂಪ್ಯೂಟರಲ್ಲೂ ಒಂದೊಂದು ಪ್ರತಿ ಇದೆ. ಬೇರೆ ಊರಲ್ಲಿ ಇನ್ನೊಂದು ಇಟ್ಟಿದೀವಿ, ಇಲ್ಲಿ ಬೆಂಕಿ ಗಿಂಕಿ ಬಿದ್ರೆ ಅಂತ. ನಿಮ್ಮ ಪಾಠ ಹೋಗೋ ಪ್ರಶ್ನೇನೇ ಇಲ್ಲ. ನೀವು ಹೆದರಬೇಡಿ." ಅವರು ನಿಜವಾಗಿಯೂ ಧೈರ್ಯ ಹೇಳುತ್ತಿದ್ದರು. "ನಾಳೆ ನಾನಿರಲ್ಲ, ನೀವಿರಲ್ಲ, ಅದಿರತ್ತೆ."

ಅಕ್ಕ ಮೆಟ್ಟಿಲು ಹತ್ತಿ ಮೇಲೆ ಬಂದಳು. ಬಿಡುವುದಕ್ಕಿಂತ ಹಿಡಿದುಕೊಂಡಿರುವುದೇ ಮೇಲು ಅನ್ನಿಸಿತು. ತಾನು ನೇರ ಪಾಠ ಮಾಡುತ್ತಿದ್ದರೆ ಕೈಯಲ್ಲಿ ಏನಾದರೂ ಇರುತ್ತದೆ. ಅಮ್ಮನ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಮೊದಲು ಅದಕ್ಕೆ ನಗು ಬಂದಿತ್ತು. ಈಗ ಬರಲಿಲ್ಲ.

ಅದೇ ವಾರ ಅವಳು ಜೀವಮಾನದಲ್ಲಿ ಮೊದಲ ಸಲ ಬೇಕೆಂದೇ ಕೆಟ್ಟದಾಗಿ ಪಾಠ ಮಾಡಿದಳು. ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ನಾಲಿಗೆ ತಾನಾಗಿ ಸರಿದಾರಿಗೆ ಹೊರಳುತ್ತಿತ್ತು; ಎಳೆದು ತರಬೇಕಾಗುತ್ತಿತ್ತು. ಅರ್ಧ ವಾಕ್ಯ ನುಂಗಿದಳು. ಒಂದು ಸಮೀಕರಣವನ್ನು ತಪ್ಪಾಗಿ ಬರೆದು, ಅದರ ಮೇಲೇ ಇನ್ನೊಂದು ಬರೆದಳು. ಪರದೆಗೆ ಮುಖ ಮಾಡಿ ಗೊಣಗಿದಳು. ಎದುರು ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಬರೆಯುವುದನ್ನು ನಿಲ್ಲಿಸಿ, "ಮೇಡಂ, ಹುಷಾರಿದೀರಾ?" ಎಂದಳು.

ಅಕ್ಕ ಹಿಂದಿನ ಗೋಡೆ ನೋಡಿದಳು. ಆರೂ ಚೌಕಗಳಲ್ಲಿ ಹುಡುಗರು ಎಂದಿನ ಹಾಗೇ ಕೂತಿದ್ದರು. ಕೆಲವರು ಬರೆಯುತ್ತಿದ್ದರು, ಕೆಲವರು ಆಕಳಿಸುತ್ತಿದ್ದರು. ಯಾರ ಮುಖದಲ್ಲೂ ಗೊಂದಲವಿಲ್ಲ. ಅವಳು ಮಾತು ನಿಲ್ಲಿಸಿದಳು. ಅವರು ಬರೆಯುತ್ತಲೇ ಇದ್ದರು. ಅವಳು ಮೈಕಿನ ಮೇಲೆ ಬೆರಳಿಂದ ಬಡಿದಳು. ಒಬ್ಬರೂ ತಲೆಯೆತ್ತಲಿಲ್ಲ. ಕೆಳಗಿನ ಚೌಕದಲ್ಲಿ ಗುಬ್ಬಿ ಕೈಕಟ್ಟಿಕೊಂಡು ಪರದೆ ನೋಡುತ್ತಿದ್ದಳು. ಅಕ್ಕ ಅವಳ ಕಡೆಗೆ ಎರಡೂ ಕೈ ಎತ್ತಿ ಬೀಸಿದಳು. ಗುಬ್ಬಿ ಕಣ್ಣು ಮಿಟುಕಿಸಿದಳು, ಜಡೆ ಸರಿಮಾಡಿಕೊಂಡಳು, ಅಷ್ಟೇ.

ಪಾಠ ಮುಗಿಯುವ ಹೊತ್ತಿಗೆ ಕೇಬಲ್ ಸಾಹೇಬರು ನೀರಿನ ಬಾಟಲಿ ಹಿಡಿದು ಓಡಿಬಂದರು.

"ಕೂತ್ಕೊಳಿ ಮೇಡಂ. ಶುರುವಿಂದಲೇ ನಿಮ್ಮ ದನಿ ಸರಿಯಿರಲಿಲ್ಲ, ನಾನು ಕೆಳಗೆ ಕೇಳ್ತಿದ್ದೆ. ಆ ಕಡೆ ಹುಡುಗರಿಗೆ ತೊಂದ್ರೆ ಆಗಬಾರದು ಅಂತ ಹೋದ ವರ್ಷದ ಇದೇ ಪಾಠ ಹಾಕ್ಬಿಟ್ಟೆ. ಯಾರಿಗೂ ಗೊತ್ತೇ ಆಗಿಲ್ಲ!" ಅವರ ಮುಖದಲ್ಲಿ ಉಪಕಾರ ಮಾಡಿದವರ ಸಂತೋಷವಿತ್ತು. "ಮನೆಗೆ ಹೋಗಿ ಮಲಗಿ. ಎಷ್ಟು ದಿನ ಬೇಕಾದ್ರೂ ಮಲಗಿ."

ಅಕ್ಕ ನೀರು ಕುಡಿದಳು. "ಥ್ಯಾಂಕ್ಸ್" ಎಂದೂ ಹೇಳಿದಳು. ಮುಂದಿನ ಪಾಠಕ್ಕೆ ಅವಳು ಹೋಗಲಿಲ್ಲ. ಯಾರೂ ಕರೆಯಲೂ ಇಲ್ಲ. ದೊಡ್ಡ ಕೊಠಡಿಯ ಮುಂದೆ ಹಾದುಹೋಗುವಾಗ ಬಾಗಿಲ ಸಂದಿಯಿಂದ ತನ್ನದೇ ದನಿ ಕೇಳಿಸಿತು. ಒಂದು ಸಮೀಕರಣ ಹೇಳಿ, ಒಂದು ಉಸಿರು ಬಿಟ್ಟು, ಮುಂದುವರಿಯಿತು. ಅವಳಿಗೆ ಪ್ರಯೋಗಾಲಯದ ಉಸ್ತುವಾರಿ ಹಾಕಿದರು.

ವರ್ಷದ ಕೊನೆಗೆ ಅಕ್ಕ ತಂಗಿಯ ಊರಿಗೆ ಬಸ್ಸು ಹತ್ತಿದಳು. ಗುಬ್ಬಿಯ ಕೊನೆಯ ವಾರ ಅದು. ಹೇಳದೆ ಕೇಳದೆ ಹೋಗಿದ್ದರಿಂದ ಸೀದಾ ಕಾಲೇಜಿಗೇ ಹೋದಳು. ಉದ್ದನೆಯ ಹಳೆಯ ಕಟ್ಟಡ. ಗೋಡೆಗೆ ಬಳಿದ ಸುಣ್ಣ ಮುಟ್ಟಿದರೆ ಕೈಗೆ ಬರುತ್ತಿತ್ತು. ಕೋಣೆ ಹುಡುಕುವುದು ಕಷ್ಟವಾಗಲಿಲ್ಲ. ತನ್ನ ದನಿಯ ಜಾಡು ಹಿಡಿದು ಹೋದರೆ ಸಾಕಾಗಿತ್ತು.

ಒಳಗೆ ದೀಪ ಆರಿಸಿದ್ದರು. ಗೋಡೆಯ ಮೇಲೆ ಆಳೆತ್ತರಕ್ಕಿಂತ ದೊಡ್ಡದಾಗಿ ಅಕ್ಕ ನಿಂತಿದ್ದಳು, ಒಂದು ವರ್ಷ ಚಿಕ್ಕವಳು, ನೀಟಾಗಿ ತಲೆ ಬಾಚಿಕೊಂಡವಳು. ಬೆಂಚುಗಳಲ್ಲಿ ಅರ್ಧಕ್ಕರ್ಧ ಖಾಲಿ. ಇದ್ದವರಲ್ಲಿ ಕೆಲವರು ತೋಳಿನ ಮೇಲೆ ತಲೆಯಿಟ್ಟಿದ್ದರು, ಕೆಲವರ ಮುಖದ ಮೇಲೆ ಮೊಬೈಲಿನ ಬೆಳಕು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಗುಬ್ಬಿ. ಅಕ್ಕನನ್ನು ಕಂಡು ಅವಳು ಬೆಚ್ಚಿ, ಪರದೆಯ ಕಡೆ ಒಮ್ಮೆ, ಇವಳ ಕಡೆ ಒಮ್ಮೆ ನೋಡಿದಳು. ಆಮೇಲೆ ಸ್ವಲ್ಪ ಸರಿದು ಕುರ್ಚಿಯಲ್ಲಿ ಅರ್ಧ ಜಾಗ ಬಿಟ್ಟಳು. ಇಬ್ಬರೂ ಒಂದೇ ಕುರ್ಚಿಯಲ್ಲಿ ಒತ್ತಿಕೊಂಡು ಕೂತರು.

ಮುಂದಿನ ಬೆಂಚಿನಲ್ಲಿ ಒಬ್ಬ ಹುಡುಗಿ ಮಾತ್ರ ಕಣ್ಣು ಕೀಳದೆ ಪರದೆ ನೋಡುತ್ತಿದ್ದಳು. ಬರೆಯುವಳು, ಹೊಡೆದುಹಾಕುವಳು, ಮತ್ತೆ ಬರೆಯುವಳು. ಕೊನೆಗೆ ಎದ್ದು, ಬಗ್ಗಿಕೊಂಡು, ಪರದೆಯ ಬೆಳಕಿಗೆ ಅಡ್ಡ ಬಾರದ ಹಾಗೆ ಗುಬ್ಬಿಯ ಹತ್ತಿರ ಬಂದಳು.

"ಮೇಡಂ, ಇಲ್ಲಿ ಈ ಋಣ ಚಿಹ್ನೆ ಎಲ್ಲಿಂದ ಬಂತು? ಅವರು ಹೇಳಲೇ ಇಲ್ಲ."

ಪಕ್ಕದಲ್ಲಿದ್ದ ಹೆಂಗಸು ಯಾರೆಂದು ಅವಳು ನೋಡಲೂ ಇಲ್ಲ. ಅಕ್ಕ ಹಾಳೆಯತ್ತ ಇಣುಕಿದಳು. ಗುಬ್ಬಿ ಅದನ್ನು ಎಂಥ ಮಂಕು ಹುಡುಗನಿಗೂ ಒಂದು ದಾರದ ತುಂಡು ಹಿಡಿದು ತಿಳಿಸಬಲ್ಲಳು. ಫೋನಿನಲ್ಲಿ ಅದೆಷ್ಟು ಸಲ ವಾದ ಮಾಡಿದ್ದರು ಈ ಚಿಹ್ನೆಯ ಬಗ್ಗೆಯೇ. ಅಕ್ಕ ಕಾದಳು.

"ನಂಗೂ ಸರಿಯಾಗಿ ಗೊತ್ತಿಲ್ಲಮ್ಮ," ಎಂದಳು ಗುಬ್ಬಿ. "ಕಂಪ್ಯೂಟರಲ್ಲಿ ಬರೆದು ಕಳಿಸು."

"ಕಳಿಸಿದ್ದೆ ಮೇಡಂ. ಹೋದ ತಿಂಗಳೂ ಒಂದು ಕಳಿಸಿದ್ದೆ. ಉತ್ತರ ಬರಲ್ಲ."

"ಬರುತ್ತೆ. ಹೋಗಿ ಕೂತ್ಕೊ."

ಹುಡುಗಿ ಹೋಗಿ ಕೂತಳು. ಅಕ್ಕ ತಂಗಿಯತ್ತ ಬಾಗಿದಳು. "ಯಾಕೇ ಹಾಗಂದೆ?" ಎಂದು ಪಿಸುಗುಟ್ಟಿದಳು.

"ಇನ್ನೇನು ಹೇಳ್ಲಿ? ಇವತ್ತು ಒಂದು ಹೇಳಿಕೊಟ್ರೆ ನಾಳೆ ಇನ್ನೊಂದು ಕೇಳ್ತಾಳೆ. ಮುಂದಿನ ವಾರ ಯಾರನ್ನ ಕೇಳ್ತಾಳೆ?"

ಅಕ್ಕ ಎದ್ದಳು. ಆ ಹುಡುಗಿಯ ಪಕ್ಕ ಹೋಗಿ ಕೂತು, ಹಾಳೆ ಎಳೆದುಕೊಂಡು, ಮೆಲ್ಲನೆ ಹೇಳಿಕೊಡಲು ಶುರುಮಾಡಿದಳು. ಪರದೆಯ ಮೇಲಿನ ಅಕ್ಕ ಗಟ್ಟಿಯಾಗಿ ಮಾತಾಡುತ್ತಿದ್ದಳು. ಅದರ ಕೆಳಗೆ ಇವಳ ಮಾತು ಕೇಳುತ್ತಿರಲಿಲ್ಲ. ಹುಡುಗಿ ಎರಡು ಸಲ "ಏನು?" ಎಂದಳು. ಆಮೇಲೆ ಸಂಕೋಚದಿಂದ ಹಾಳೆಯನ್ನು ಹಿಂದಕ್ಕೆ ಎಳೆದುಕೊಂಡು, "ಪರವಾಗಿಲ್ಲ ಆಂಟಿ, ಪಾಠ ಹೋಗ್ತಾ ಇದೆ, ಬರ್ಕೋಬೇಕು" ಎಂದು ಪರದೆಯತ್ತ ತಿರುಗಿದಳು.

ಮನೆಯಲ್ಲಿ ಅಮ್ಮ ಇಬ್ಬರಿಗೂ ಬಡಿಸಿದಳು. ಏನೂ ಆಗಿಲ್ಲವೆಂಬ ಹಾಗೆ ನೆರೆಮನೆಯ ಸೊಸೆಯ ಕತೆ ಹೇಳಿದಳು. ಬಟ್ಟೆ ಅಂಗಡಿಯೊಂದರಲ್ಲಿ ಗುಬ್ಬಿಗೆ ಕೆಲಸ ಸಿಕ್ಕಿತ್ತು, ಗಿರಾಕಿಗಳಿಗೆ ಬಿಲ್ಲು ಮಾಡಿಕೊಡುವ ಕೆಲಸ. ಕೂತು ಮಾಡುವ ಕೆಲಸ, ಒಳ್ಳೇದೇ ಆಯಿತು ಎಂದಳು ಅಮ್ಮ. ಗುಬ್ಬಿ ತಲೆಯಾಡಿಸಿದಳು.

"ನನ್ನ ಜೊತೆ ಬಂದುಬಿಡ್ರಿ ಇಬ್ರೂ," ಎಂದಳು ಅಕ್ಕ.

"ಬಂದು?" ಎಂದಳು ಗುಬ್ಬಿ. ಬಿರುಸಾಗಿ ಅಲ್ಲ, ಮೆತ್ತಗೆ.

ಮರುದಿನ ಬಸ್ ನಿಲ್ದಾಣದ ತನಕ ಗುಬ್ಬಿ ಚೀಲ ಹೊತ್ತುಕೊಂಡು ಬಂದಳು. ಬಸ್ಸು ಬರುವುದು ತಡವಾಗಿತ್ತು. ಸಿಮೆಂಟಿನ ಕಟ್ಟೆಯ ಮೇಲೆ ಇಬ್ಬರೂ ಕೂತರು. ಅಕ್ಕ ಒಂದೇ ಸಮನೆ ಮಾತಾಡುತ್ತಿದ್ದಳು. ಬೇರೆ ಊರಿನ ಶಾಲೆಗಳಲ್ಲಿ ಕೇಳೋಣ, ಮನೆಪಾಠ ಶುರುಮಾಡು, ತನಗೆ ಗೊತ್ತಿದ್ದವರೊಬ್ಬರು ಇದ್ದಾರೆ, ಪ್ರತಿದಿನ ಫೋನು ಮಾಡುತ್ತೇನೆ. ಗುಬ್ಬಿ ನೆಲ ನೋಡುತ್ತ ಕೇಳುತ್ತಿದ್ದಳು. ಇದ್ದಕ್ಕಿದ್ದಂತೆ ಅಕ್ಕನ ಮೊಣಕೈ ಹಿಡಿದುಕೊಂಡಳು.

"ಅಕ್ಕ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ."

"ಹೇಳೇ."

"ಸ್ವಲ್ಪ ದಿನ ಫೋನ್ ಮಾಡ್ಬೇಡ. ಏನಾದ್ರೂ ಇದ್ರೆ ಮೆಸೇಜ್ ಬರೆದು ಕಳಿಸು. ಓದ್ತೀನಿ." ಅವಳು ಮೊಣಕೈ ಬಿಡಲಿಲ್ಲ. "ನಿನ್ನ ಮೇಲೆ ಕೋಪ ಅಲ್ಲ. ದೇವರಾಣೆ ಅಲ್ಲ. ನಿನ್ನ ದನಿ ಕೇಳೋಕಾಗ್ತಿಲ್ಲ ನಂಗೆ. ವರ್ಷವಿಡೀ ದಿನಾ ಕೇಳಿದೀನಿ, ಬಾಯಿ ಮುಚ್ಕೊಂಡು. ಈಗ ನೀನು ಅಮ್ಮನ ಮಂಡಿನೋವು ವಿಚಾರಿಸಿದ್ರೂ ನಂಗೆ ಆ ಕುರ್ಚೀಲೇ ಕೂತ ಹಾಗಾಗತ್ತೆ."

ಅಕ್ಕ ತಂಗಿಯ ಕೈ ಮೇಲೆ ಕೈಯಿಟ್ಟಳು. ಹೂಂ ಎನ್ನುವಂತೆ ತಲೆ ಆಡಿಸಿದಳು. ಬಸ್ಸು ಬಂತು. ಗುಬ್ಬಿ ಚೀಲವನ್ನು ಮೇಲಕ್ಕೆ ಹತ್ತಿಸಿ, ಕಿಟಕಿಯ ಬಳಿ ಬಂದು, ಒಳಗೆ ಕೈ ಹಾಕಿ ಅಕ್ಕನ ಕೆನ್ನೆ ಮುಟ್ಟಿದಳು.

ಮುಂದಿನ ವರ್ಷ ಆ ಪಾಠಗಳು ಇನ್ನೂ ಹಲವು ಕಾಲೇಜುಗಳಿಗೆ ಹೋದವು. ಅಲ್ಲಿಯ ಭೌತಶಾಸ್ತ್ರದವರ ಗತಿ ಏನಾಯಿತೆಂದು ಅಕ್ಕ ವಿಚಾರಿಸಲಿಲ್ಲ, ವಿಚಾರಿಸುವ ಧೈರ್ಯವಿರಲಿಲ್ಲ. ಅವಳು ಪ್ರಯೋಗಾಲಯದಲ್ಲಿ ಮಸೂರ, ತಕ್ಕಡಿ, ಅಳತೆಪಟ್ಟಿಗಳನ್ನು ಕೊಟ್ಟು ವಾಪಸು ತೆಗೆದುಕೊಳ್ಳುತ್ತಿದ್ದಳು. ಹುಡುಗರು ಏನಾದರೂ ಕೇಳಿದರೆ ಬೆರಳು ತೋರಿಸಿ ಮುಗಿಸುವಳು. ಪ್ರಯೋಗಾಲಯದ ಮೇಡಂ ಮೂಕಿಯಂತೆ ಎಂದು ಹೊಸ ಹುಡುಗರಲ್ಲಿ ಯಾರೋ ಸುದ್ದಿ ಹಬ್ಬಿಸಿದ್ದರು. ಪರದೆಯಲ್ಲಿ ಬರುವವಳೂ ಇವಳೂ ಒಬ್ಬಳೇ ಎಂದು ಹೆಚ್ಚಿನವರಿಗೆ ಹೊಳೆಯಲೇ ಇಲ್ಲ.

ಭಾನುವಾರಗಳಂದು ತಂಗಿಗೆ ಬರೆದು ಕಳಿಸುವಳು: ಊಟ ಆಯಿತಾ, ಅಮ್ಮನ ಮಂಡಿ ಹೇಗಿದೆ, ಅಂಗಡಿಯಲ್ಲಿ ಹೇಗೆ. ಗುಬ್ಬಿ ಮಾತು ತಪ್ಪಲಿಲ್ಲ, ಓದುತ್ತಿದ್ದಳು. ಆಯಿತು, ಹಾಗೇ ಇದೆ, ಚೆನ್ನಾಗಿದೆ ಎಂದು ಉತ್ತರ ಬರುತ್ತಿತ್ತು. ಕೆಲವು ವಾರ ಸಂಜೆಯೊಳಗೆ, ಕೆಲವು ವಾರ ಎರಡು ಮೂರು ದಿನ ಬಿಟ್ಟು.